ಬಾಯಾರದ ಹೆಂಗಸರು

ಒಂದು ಊರಿತ್ತಂತೆ. ಆ ಊರಿನಲ್ಲಿ ಒಬ್ಬಳು ಹುಡುಗಿ, ಹುಡುಗಿಯ ಹತ್ತಿರ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಕಾರ್ಖಾನೆ, ಕಾರ್ಖಾನೆಯೊಳಗೆ ಹೆಬ್ಬೆರಳಿನಷ್ಟೇ ಎತ್ತರದ ಹೆಂಗಸರು. ಅವರಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಬಾಯಾರಿಕೆ ಎಂದರೇನೆಂದೇ ತಿಳಿಯದಂತೆ. ಸೊಂಟ ಹಿಡಿಯುವುದಿಲ್ಲ, ಮನೆಯಲ್ಲಿ ಮಗುವಿಗೆ ಜ್ವರ ಬರುವುದಿಲ್ಲ, ಅತ್ತೆ ಬೆಳಿಗ್ಗೆ ಅಂದ ಮಾತು ಮಧ್ಯಾಹ್ನ ನೆನಪಾಗಿ ಕೈ ತಪ್ಪುವುದಿಲ್ಲ. ಸುತ್ತಿ ಎಂದರೆ ತಂತಿ ಸುತ್ತಿದರು, ಸುತ್ತುತ್ತಲೇ ಇದ್ದರು. ಒಂದು ದಿನ ಆ ಊರಿನ ಮಂತ್ರಿ ಪೆಟ್ಟಿಗೆಯೊಳಗೆ ಇಣುಕಿದನಂತೆ. ಇಣುಕಿದವನೇ ಮರುಳಾಗಿಹೋದನಂತೆ. ಇಂಥ ಬಂಗಾರದಂಥವರು ಒಳಗಿರುವಾಗ, ಹೊರಗೆ ಕೆಮ್ಮುತ್ತ ಆಕಳಿಸುತ್ತ ಕೂತಿರುವ ಆ ಹೆಂಗಸರು ನನಗೇಕೆ ಎಂದನಂತೆ.

ಅಂತೆಕಂತೆ ಇಲ್ಲಿಗೆ ಸಾಕು. ಏಕೆಂದರೆ ಆ ಪೆಟ್ಟಿಗೆ ಒಂದು ಕಂಪ್ಯೂಟರು, ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ನೀರೆತ್ತುವ ಪಂಪುಗಳು, ಮಂತ್ರಿ ಎನಿಸಿಕೊಂಡವರು ಅಲ್ಲಿನ ಮ್ಯಾನೇಜರು. ಇನ್ನು ಹುಡುಗಿಯೋ, ಓದು ಮುಗಿಸಿ ಕೆಲಸಕ್ಕೆ ಸೇರಿ ವರ್ಷ ತುಂಬದ ಇಂಜಿನಿಯರು. ಮೈಕಟ್ಟು ಚಿಕ್ಕದು, ಬಾಯಿ ಬಿಡುವಿಲ್ಲದ್ದು ಎಂಬ ಕಾರಣಕ್ಕೆ ಮನೆಯಲ್ಲೂ ಕೆಲಸದಲ್ಲೂ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಗುಬ್ಬಿ ಎಂದು. ಆ ಬೆಳಿಗ್ಗೆ ಗುಬ್ಬಿಯ ಬಾಯಿಗೆ ಬೀಗ ಬಿದ್ದಿತ್ತು.

ವೈಂಡಿಂಗ್ ವಿಭಾಗದ ಕಿಟಕಿಗಳಿಗೆ ಪರದೆ ಎಳೆದು ಕತ್ತಲು ಮಾಡಿ, ಗೋಡೆಯ ಮೇಲೆ ದೊಡ್ಡದಾಗಿ ಚಿತ್ರ ಬಿಟ್ಟಿದ್ದರು. ಹನ್ನೊಂದು ಜನ ಹೆಂಗಸರು ಕೆಲಸ ನಿಲ್ಲಿಸಿ, ಬೆರಳ ತುದಿಗೆ ಅಂಟಿದ ತಾಮ್ರದ ಹೊಳಪನ್ನು ಮೇಲಂಗಿಗೆ ಒರೆಸಿಕೊಳ್ಳುತ್ತ ನೋಡುತ್ತಿದ್ದರು. ಅವರು ದಿನವಿಡೀ ಮಾಡುವುದು ಇಷ್ಟು: ಮೋಟಾರಿನ ಕಬ್ಬಿಣದ ಬಳೆಯೊಳಗಿನ ಸೀಳುಗಳಿಗೆ ತಾಮ್ರದ ತಂತಿಯ ಸುರುಳಿಗಳನ್ನು ಒಂದೊಂದಾಗಿ ಕೂರಿಸಿ, ದಾರದಿಂದ ಹೊಲಿದು, ಪಕ್ಕದ ಕಬ್ಬಿಣದ ರ್‍ಯಾಕಿನಲ್ಲಿಡುವುದು. ಅಲ್ಲಿಂದ ಅವು ವಾರ್ನಿಷ್ ಹಚ್ಚಿಸಿಕೊಂಡು ಓವನ್ನಿಗೆ ಹೋಗಿ ಒಣಗಿ ಮುಂದಕ್ಕೆ ಸಾಗುತ್ತವೆ. ಗೋಡೆಯ ಮೇಲೂ ಅದೇ ಕೋಣೆ, ಅದೇ ಮೇಜು. ಆದರೆ ಅಲ್ಲಿ ರ್‍ಯಾಕ್ ಇರಲಿಲ್ಲ. ಹೆಂಗಸರು ಎಂಟೇ ಮಂದಿ.

“ನೋಡಿ, ನೋಡಿ, ಹೇಗೆ ಹರೀತಿದೆ!” ಎಂದರು ಮ್ಯಾನೇಜರು. ಬಂದ ದಿನದಿಂದ ಒಂದಲ್ಲ ಒಂದು ಸುಧಾರಣೆ ಹೊತ್ತು ತರುತ್ತಿದ್ದ ಅವರಿಗೆ ಹೆಂಗಸರು ಸುಧಾರಣೆ ಸಾಹೇಬರು ಎಂದೇ ಹೆಸರಿಟ್ಟಿದ್ದರು. “ಹನ್ನೊಂದು ಜನ ಮಾಡೋದನ್ನ ಎಂಟು ಜನ ಮಾಡ್ತಿದ್ದಾರೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಒಂದಾದ ಮೇಲೆ ಒಂದು, ಎಲ್ಲೂ ರಾಶಿ ಇಲ್ಲ. ಇದನ್ನೇ ಲೀನ್ ಅನ್ನೋದು. ಇದು ನಾನು ಹೇಳ್ತಿರೋದಲ್ಲಮ್ಮ, ಕಂಪ್ಯೂಟರ್ ಹೇಳ್ತಿರೋದು. ಅದಕ್ಕೆ ಅವರು ಇವರು ಅಂತ ಭೇದ ಇಲ್ಲ.”

“ಆ ಮೂರು ಜನ ಎಲ್ಲಿ ಹೋದ್ರು ಸಾರ್?” ಕತ್ತಲೊಳಗಿಂದ ಒಂದು ದನಿ ಸಿಡಿಯಿತು. ಮಾತಾಡಿದರೆ ಹತ್ತು ಮೇಜಿನಾಚೆಗೂ ಕೇಳಿಸುವ ಅವಳನ್ನು ಎಲ್ಲರೂ ಪಟಾಕಿ ಎನ್ನುತ್ತಿದ್ದರು.

“ಯಾವ ಮೂರು ಜನ?”

“ಅಲ್ಲಿ ಇಲ್ದೇ ಇರೋ ಮೂರು ಜನ.”

“ಅವರಿಗೆ ಬೇರೆ ಏನಾದ್ರೂ ನೋಡೋಣ,” ಎಂದರು ಸಾಹೇಬರು. ಬೇರೆ ಏನಾದರೂ ನೋಡಲ್ಪಟ್ಟವರು ಮತ್ತೆ ಆ ಗೇಟಿನೊಳಗೆ ಕಾಲಿಟ್ಟದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. “ಸೋಮವಾರ ಯಜಮಾನಮ್ಮ ಬರ್ತಾರೆ. ಅವರು ಹೂಂ ಅಂದ್ರೆ ಮುಗೀತು. ಸಹಜವಾಗಿ, ಸ್ವಲ್ಪ ನಿಧಾನ ಇರೋರನ್ನ ಮೊದಲು…”

ಮಾತು ಪೂರ್ತಿ ಮಾಡುವ ಅಗತ್ಯವಿರಲಿಲ್ಲ. ನಿಧಾನ ಇರುವವರಲ್ಲಿ ಮೊದಲನೆಯವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು: ಮೇಜಿನ ಕೊನೆಯಲ್ಲಿ ಕೂರುವ, ಎಲ್ಲರಿಗಿಂತ ಹಿರಿಯವಳಾದ ಗುಬ್ಬಿಯ ದೊಡ್ಡಮ್ಮ. ತಾಯಿಯಿಲ್ಲದ ಗುಬ್ಬಿಯನ್ನು ಸಾಕಿದವಳು, ಇದೇ ತಂತಿ ಕೂರಿಸುತ್ತ ಓದಿಸಿದವಳು. ಎಲ್ಲರ ಮುಖವೂ ಕಂಪ್ಯೂಟರಿನ ಪಕ್ಕ ನಿಂತಿದ್ದ ಗುಬ್ಬಿಯ ಕಡೆ ತಿರುಗಿತು. ದೊಡ್ಡಮ್ಮ ಮಾತ್ರ ತಿರುಗಲಿಲ್ಲ. ಗೋಡೆಯ ಮೇಲೆ ಮೇಜಿನ ಕೊನೆಯಲ್ಲಿದ್ದ ಬರಿಯ ಜಾಗವನ್ನೇ ನೋಡುತ್ತಿದ್ದಳು.

ಮೂರು ಜನರನ್ನು ಅಳಿಸಿದ್ದು ಗುಬ್ಬಿಯಲ್ಲ. ರ್‍ಯಾಕ್ ತೆಗೆದದ್ದೂ ಅವಳಲ್ಲ. ಪಂಪುಗಳು ಹೇಳಿದ ದಿನಕ್ಕೆ ಏಕೆ ಹೊರಹೋಗುತ್ತಿಲ್ಲ ಎಂದು ಹುಡುಕುವುದಕ್ಕೆ ಅವಳು ಕಟ್ಟಿದ ಸಿಮ್ಯುಲೇಷನ್ ಅದು. ಸಿಮ್ಯುಲೇಷನ್ ಎಂದರೆ ಕಾರ್ಖಾನೆಯ ಒಂದು ದಿನವನ್ನು ಕಂಪ್ಯೂಟರಿನೊಳಗೆ ಸುಳ್ಳುಸುಳ್ಳೇ ನಡೆಸಿ ನೋಡುವುದು. ಮೇಜು ಸರಿಸಿದರೆ ಏನಾಗುತ್ತದೆ, ದಾರಿ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ನಿಜದ ಮೇಜು ಮುಟ್ಟದೆ, ನಿಜದವರನ್ನು ಎಬ್ಬಿಸದೆ ತಿಳಿಯಬಹುದು. ಆ ವಿದ್ಯೆಯ ಮೇಲೆ ಅವಳಿಗೆ ಹುಚ್ಚು ಪ್ರೀತಿ. ಸುಮ್ಮನೆ ಕಾಯುವುದು, ಸುಮ್ಮನೆ ಹೊತ್ತು ತಿರುಗುವುದು, ಸುಮ್ಮನೆ ಕೂಡಿಡುವುದು, ಇಂಥ ಬೇಡದ್ದನ್ನೆಲ್ಲ ಬಿಡುವುದೇ ಲೀನ್ ಎಂದು ಅವಳು ಕಲಿತಿದ್ದಳು. ಸುಧಾರಣೆ ಸಾಹೇಬರಿಗೋ, ಬೇಡದ್ದು ಎಂದ ಕೂಡಲೆ ಕಣ್ಣಿಗೆ ಬೀಳುತ್ತಿದ್ದುದು ಸ್ಟೂಲಿನ ಮೇಲೆ ಕೂತವರು. ನಿನ್ನೆ ಸಂಜೆ ಅವಳಿಂದ ಸಿಮ್ಯುಲೇಷನ್ನಿನ ಮಾಡೆಲ್ ಇಸಿದುಕೊಂಡು ತಾವೇ ಕೂತು ಮೂವರನ್ನು ತೆಗೆದು ನೋಡಿದ್ದರು. ಈಗ ದಿನಕ್ಕೆ ಹೋಗುತ್ತಿದ್ದ ಪಂಪುಗಳಿಗಿಂತ ಸಂಖ್ಯೆ ಇಳಿದಿರಲಿಲ್ಲ. ಅಷ್ಟೇ ಸಾಕಾಗಿತ್ತು.

*

ಮನೆಗೆ ಬಂದ ಮೇಲೆ ದೊಡ್ಡಮ್ಮ ಈರುಳ್ಳಿ ಹೆಚ್ಚುವುದಕ್ಕೆ ಕೂತಳು. ಹೆಚ್ಚಿದಳು, ಹೆಚ್ಚಿದಳು, ಇಬ್ಬರ ಮನೆಗೆ ಇಪ್ಪತ್ತು ಜನಕ್ಕಾಗುವಷ್ಟು ಹೆಚ್ಚಿದಳು.

“ದೊಡ್ಡಮ್ಮ, ಏನಾದ್ರೂ ಮಾತಾಡು,” ಎಂದಳು ಗುಬ್ಬಿ.

“ನಾನೇನು ಮಾತಾಡ್ಲಿ? ಕಂಪ್ಯೂಟರೇ ಎಲ್ಲಾ ಮಾತಾಡಿಬಿಡ್ತಲ್ಲ.”

“ತೆಗೀರಿ ಅಂತ ನಾನು ಹೇಳಿಲ್ಲ! ನಾನು ಕಂಡಿದ್ದನ್ನ ಹಾಕಿದೆ, ಅಷ್ಟೆ.”

“ಏನು ಕಂಡೆ?”

“ನಿಮ್ಮನ್ನ! ಸ್ಟಾಪ್‌ವಾಚ್ ಹಿಡ್ಕೊಂಡು ನಿಮ್ಮ ಮುಂದೇನೇ ನಿಂತಿದ್ದೆನಲ್ಲ. ಒಬ್ಬರಾದ್ರೂ ಎದ್ರಾ? ನೀರಿಗಾದ್ರೂ ಎದ್ರಾ? ಕೈಯಲ್ಲಿ ಯಂತ್ರ ಇದ್ದ ಹಾಗೆ ಮಾಡ್ತಿದ್ರಿ. ಎಷ್ಟು ಚೆನ್ನಾಗಿ ಮಾಡ್ತಾರಪ್ಪ ನಮ್ಮವರು ಅಂತ ಹೆಮ್ಮೆಪಟ್ಟು ಹಾಕಿದ್ದು ನಾನು.”

ದೊಡ್ಡಮ್ಮನ ಚಾಕು ನಿಂತಿತು. “ನೀನು ಎದುರಿಗೆ ನಿಂತಿರುವಾಗ ಏಳೋದು ಹೇಗೇ ಹುಚ್ಚಿ?”

“ಅಂದ್ರೆ?”

“ಹಿಂದಿನ ದಿನವೇ ಪಟಾಕಿ ಎಲ್ಲರಿಗೂ ಹೇಳಿದ್ಲು. ‘ನಾಳೆ ನಮ್ಮ ಗುಬ್ಬಿ ಗಡಿಯಾರ ಹಿಡ್ಕೊಂಡು ಬರ್ತಾಳೆ. ಹುಡುಗಿಯ ಮೊದಲನೇ ಕೆಲಸ. ಒಬ್ಬಳೇ ಒಬ್ಬಳು ಆಕಳಿಸಿದ್ರೂ ನನ್ನ ಹತ್ರ ಕೇಳಿಸ್ಕೋಬೇಕಾಗುತ್ತೆ’ ಅಂತ. ನಡುವೆ ಏಳೋ ಹಾಗಾಗ್ಬಾರ್ದು ಅಂತ ಬೆಳಿಗ್ಗೆಯಿಂದ ನೀರೇ ಮುಟ್ಟಲಿಲ್ಲ ನಾವು. ನೀನು ಊಟಕ್ಕೆ ಹೋದೆ ನೋಡು, ಎಲ್ಲರೂ ಒಟ್ಟಿಗೆ ಓಡಿದ್ವಿ. ಬಾಗಿಲಲ್ಲಿ ನೂಕುನುಗ್ಗಲು. ಪಟಾಕಿ ಚಪ್ಪಲಿ ಅಲ್ಲೇ ಬಿಟ್ಟು ಹೋದ್ಲು.”

ಗುಬ್ಬಿ ಬಾಯಿ ತೆರೆದು ನಿಂತಳು.

“ಯಾಕೆ ಹಾಗೆ ಮಾಡಿದ್ರಿ? ಯಾರು ಕೇಳಿದ್ರು ನಿಮ್ಮನ್ನ?”

“ಯಾರು ಕೇಳಬೇಕು? ನೀನು ಸುಮಾರು ಲೆಕ್ಕ ತಗೊಂಡು ಹೋಗಿದ್ರೆ ಆ ಮನುಷ್ಯ ನಿನ್ನ ಹುರಿದು ಮುಕ್ತಿರ್ಲಿಲ್ವಾ? ನಮ್ಮ ಕೈಯಲ್ಲಿ ಆಡಿ ಬೆಳೆದ ಹುಡುಗಿ, ನಿನ್ನ ಮುಂದೆ ನಾವು ಸೋಂಬೇರಿಗಳ ಹಾಗೆ ಕೂತಿರಬೇಕಿತ್ತಾ?”

“ಕೂತಿರಬೇಕಿತ್ತು!” ಗುಬ್ಬಿ ಕಿರುಚಿದಳು. “ಕೂತ್ರೆ ಕೂತಿದ್ದೀರಿ, ಎದ್ರೆ ಎದ್ದಿದ್ದೀರಿ ಅಂತ ನನಗೆ ಕಾಣಬೇಕಿತ್ತು! ನೀವು ನನಗೆ ಒಳ್ಳೇದು ಮಾಡೋಕೆ ಹೋಗಿ ನಿಮ್ಮ ಕತ್ತು ನೀವೇ ಕೊಯ್ಕೊಂಡ್ರಿ, ಚಾಕು ನನ್ನ ಕೈಲಿ ಕೊಟ್ರಿ!”

“ಮೆತ್ತಗೆ. ಗೋಡೆ ತೆಳ್ಳಗಿದೆ, ಪಕ್ಕದ ಮನೆಯವರು ಊಟಕ್ಕೆ ಕೂತಿರ್ತಾರೆ.” ದೊಡ್ಡಮ್ಮ ಚಾಕು ಕೆಳಗಿಟ್ಟು ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಳು. ಕೆಲಸದ ವಿಷಯವನ್ನು ಮನೆಗೆ ತರುವವಳಲ್ಲ ಅವಳು. ಹೇಗಿತ್ತು ಎಂದರೆ ಆಯ್ತು ಎನ್ನುವಳು, ಅಷ್ಟೇ. ಆ ಸಂಜೆ ಮೊದಲ ಸಲ ಬಾಯಿಬಿಟ್ಟಳು. “ನನ್ನ ಕೈ ಆಗಾಗ ಹಿಡ್ಕೊಂಡುಬಿಡುತ್ತೆ. ಬೆರಳು ಮಡಿಚೋಕಾಗಲ್ಲ. ಆಗ ಪಕ್ಕದವಳು ನನ್ನ ಮುಂದಿರೋದನ್ನ ಎಳ್ಕೊಂಡು ತಾನೇ ಮುಗಿಸ್ತಾಳೆ. ಅವಳಿಗೆ ತಲೆ ಸುತ್ತಿದಾಗ ಅವಳದ್ದನ್ನ ನಾನು ಎಳ್ಕೋತೀನಿ. ನಾವು ಅದಕ್ಕೆ ಕೈಗಡ ಅಂತೀವಿ. ಕೊಟ್ಟವಳೂ ಬಾಯಿಬಿಡಲ್ಲ, ಇಸ್ಕೊಂಡವಳೂ ಬಾಯಿಬಿಡಲ್ಲ. ರ್‍ಯಾಕಲ್ಲಿ ಒಂದಷ್ಟು ಮುಗಿದದ್ದು ಇಟ್ಟಿರ್ತೀವಿ, ಆದ್ರಿಂದ ಒಬ್ಬಳು ಎದ್ದು ಹೋದ್ರೂ ಮುಂದಿನವರಿಗೆ ಕೆಲಸ ನಿಲ್ಲಲ್ಲ. ಅವನು ರ್‍ಯಾಕೂ ತೆಗೀತೀನಿ ಅಂತಾನೆ. ತೆಗೀಲಿ ಬಿಡು. ನನಗೂ ವಯಸ್ಸಾಯ್ತು.”

ಆ ಕೊನೆಯ ಮಾತು ಗುಬ್ಬಿಯ ಮೈಗೆ ಬೆಂಕಿ ಇಟ್ಟಿತು. ವಯಸ್ಸಾಯಿತೆಂದು ದೊಡ್ಡಮ್ಮ ತನ್ನ ಬಾಯಿಂದಲೇ ಹೇಳುವ ಹಾಗೆ ಮಾಡಿದ್ದವು ಆ ಗೋಡೆ ಮೇಲಿನ ಬೊಂಬೆಗಳು.

“ಸೋಮವಾರ ಯಜಮಾನಮ್ಮ ಬರ್ತಾರಲ್ಲ,” ಎಂದಳು. “ಅದೇ ಗೋಡೆ ಮೇಲೆ, ಅವರ ಮುಂದೆ, ನೀವು ಹೇಗಿದ್ದೀರೋ ಹಾಗೆ ಇಟ್ಟು ಒಂದು ಇಡೀ ಪಾಳಿ ನಡೆಸಿ ತೋರಿಸ್ತೀನಿ. ಶುರುವಿನಿಂದ ಕೊನೇವರೆಗೆ. ಮಾತು ಕೊಟ್ಟೆ.”

“ಮಾತು ಆಮೇಲೆ ಕೊಡು. ಮೊದಲು ಈ ಈರುಳ್ಳಿ ಏನು ಮಾಡೋದು ಹೇಳು.”

*

ಮರುದಿನ ಬೆಳಿಗ್ಗೆ ಸುಧಾರಣೆ ಸಾಹೇಬರು ತಮ್ಮ ಕೋಣೆಯಲ್ಲಿ ಬಣ್ಣಬಣ್ಣದ ಚೀಟಿಗಳನ್ನು ಬೋರ್ಡಿಗೆ ಅಂಟಿಸುತ್ತಿದ್ದರು. ಹಸಿರು ಚೀಟಿ ಆದ ಕೆಲಸ, ಹಳದಿ ಆಗುತ್ತಿರುವ ಕೆಲಸ. ಬೋರ್ಡು ತುಂಬ ಹಸಿರಿತ್ತು.

“ಸಾರ್, ಅಳತೆ ತಪ್ಪಾಗಿದೆ,” ಎಂದಳು ಗುಬ್ಬಿ.

“ಯಾರ ತಪ್ಪು?”

“ನನ್ನದು.”

“ಹಾಗಾದ್ರೆ ಸುಮ್ಮನಿರು. ನಿನ್ನ ತಪ್ಪಿನಿಂದ ಒಳ್ಳೇದೇ ಆಗಿದೆ.”

ಅವಳು ಎಲ್ಲವನ್ನೂ ಹೇಳಿದಳು. ಪಟಾಕಿಯ ಹೆಸರೊಂದನ್ನು ಬಿಟ್ಟು. ನೀರು ಕುಡಿಯದೆ ಬಂದದ್ದು, ಬಾಗಿಲಲ್ಲಿ ನೂಕುನುಗ್ಗಲಾದದ್ದು. ಸಾಹೇಬರು ಒಂದು ಹಳದಿ ಚೀಟಿಯನ್ನು ಬೆರಳಿಗೆ ಅಂಟಿಸಿಕೊಂಡು ಕೇಳಿದರು. ಕೇಳಿ ಮುಗಿಸಿ ಮುಗುಳ್ನಕ್ಕರು.

“ಅಂದ್ರೆ ಮನಸ್ಸು ಮಾಡಿದ್ರೆ ಅಷ್ಟು ಮಾಡೋಕೆ ಆಗುತ್ತೆ ಅಂತಾಯ್ತು. ಇಷ್ಟು ವರ್ಷ ನಮ್ಮ ಹತ್ರ ಕಳ್ಳಾಟ ಆಡ್ತಿದ್ರು ಅಂತಾಯ್ತು.”

ಗುಬ್ಬಿಗೆ ಕಿವಿಯಲ್ಲಿ ಬಿಸಿ ಎಣ್ಣೆ ಹೊಯ್ದಂತಾಯಿತು. ಹನ್ನೊಂದು ಹೆಂಗಸರು ಅವಳಿಗಾಗಿ ಬಾಯಿ ಒಣಗಿಸಿಕೊಂಡು ಕೂತದ್ದು ಈ ಮನುಷ್ಯನ ಬಾಯಲ್ಲಿ ಕಳ್ಳಾಟವಾಗಿ ಹೊರಬಿದ್ದಿತ್ತು.

“ಕಳ್ಳಾಟ ಅಲ್ಲ ಸಾರ್! ಒಂದ್ಸಲ ಬಸ್ಸಿನ ಹಿಂದೆ ಓಡಿ ಹಿಡಿದವನಿಗೆ, ‘ನಿನಗೆ ಓಡೋಕೆ ಬರುತ್ತಲ್ಲ, ಇನ್ಮೇಲೆ ದಿನಾ ಮನೆಯಿಂದ ಓಡ್ಕೊಂಡೇ ಬಾ, ಬಸ್ಸು ಯಾಕೆ’ ಅಂತ ಯಾರಾದ್ರೂ ಹೇಳ್ತಾರಾ? ನೀವು ಹೇಳ್ತಿರೋದು ಅದನ್ನೇ.”

“ಬಾಯಿ ಜೋರಾಯ್ತು.”

“ಅವರು ನೀರು ಕುಡೀತಾರೆ ಸಾರ್. ಕೈ ನೋಯುತ್ತೆ. ಅದೂ ಮಾಡೆಲ್‌ನಲ್ಲಿ ಇರಬೇಕು.”

“ಮಾಡೆಲ್‌ನಲ್ಲಿ ನೀರ್ಯಾಕಮ್ಮ? ನಾಳೆ ಅವರ ಮನೆ ಜಗಳಾನೂ ಹಾಕ್ತೀಯಾ?” ಸಾಹೇಬರು ಚೀಟಿಯನ್ನು ಬೋರ್ಡಿಗೆ ಒತ್ತಿದರು. “ಅಳೀಬೇಕಾ, ಅಳೀ. ಯಾರೂ ಬೇಡ ಅನ್ನಲ್ಲ. ಆದ್ರೆ ಸೋಮವಾರ ತೋರಿಸೋದು ನಾನು ಮಾಡಿದ್ದು. ನೀನು ಬಟನ್ ಒತ್ತು. ಅಷ್ಟಕ್ಕೇ ನಿನಗೆ ಸಂಬಳ.”

ಗುಬ್ಬಿ ಹೊರಗೆ ಬಂದಳು. ಅಳು ಬಂದರೆ ಅವನ ಬಾಗಿಲ ಮುಂದೆ ಅಳಬಾರದೆಂದು ಹಲ್ಲು ಕಚ್ಚಿಕೊಂಡು ನೆಟ್ಟಗೆ ವೈಂಡಿಂಗ್ ವಿಭಾಗಕ್ಕೆ ನಡೆದಳು.

*

ಸುಳ್ಳು ಅಳೆಯುವುದು ಸುಲಭವಿತ್ತು. ನಿಜ ಅಳೆಯುವುದೇ ಫಜೀತಿಯಾಯಿತು.

ಗುಬ್ಬಿ ಸ್ಟಾಪ್‌ವಾಚ್ ತೆಗೆದ ಕೂಡಲೆ ಹನ್ನೊಂದು ಬೆನ್ನುಗಳೂ ಫೋಟೋಕ್ಕೆ ಕೂತಂತೆ ನೆಟ್ಟಗಾದವು. ಬೆರಳುಗಳು ಓಟಕ್ಕೆ ಬಿದ್ದವು.

“ಹಾಗಲ್ಲ! ದಿನಾ ಮಾಡೋ ಹಾಗೆ ಮಾಡಿ!”

“ದಿನಾ ಮಾಡೋ ಹಾಗೇ ಮಾಡ್ತಿದೀವಲ್ಲ,” ಎಂದಳು ಪಟಾಕಿ, ಬೆವರು ಒರೆಸಿಕೊಳ್ಳದೆ.

“ಅಕ್ಕ, ನೀರು ಕುಡೀರಿ.”

“ಇವತ್ತು ಬಾಯಾರಿಕೇನೇ ಇಲ್ಲ ಕಣೆ.”

“ನಿನ್ನೆ ಈ ಹೊತ್ತಿಗೆ ಎರಡು ಸಲ ಹೋಗಿದ್ದೆ ಅಂತ ನೀವೇ ಹೇಳಿದ್ರಿ!”

“ಅದು ನಿನ್ನೆ. ನೀನು ಹೀಗೆ ಮುಖ ನೋಡ್ತಾ ನಿಂತ್ರೆ ಗಂಟಲಲ್ಲಿ ನೀರು ಇಳಿಯುತ್ತಾ? ಮದುವೆ ಹೆಣ್ಣು ನೋಡೋಕೆ ಬಂದವರ ಹಾಗೆ ನಿಂತಿದ್ದೀಯ.”

ಎಲ್ಲರೂ ನಕ್ಕರು. ನಕ್ಕು ಮತ್ತೆ ಓಟಕ್ಕೆ ಬಿದ್ದರು. ಗುಬ್ಬಿಗೆ ಸಿಟ್ಟು ನೆತ್ತಿಗೇರಿತು. ದುಡಿದದ್ದನ್ನು ಯಾರಾದರೂ ನೋಡಿದರೆ ಇವರಿಗೆ ಬೇಸರವಿಲ್ಲ, ಉಸಿರು ಬಿಟ್ಟದ್ದನ್ನು ನೋಡಿದರೆ ನಾಚಿಕೆ! ದಣಿಯುವುದೇ ತಪ್ಪೆಂದು ಇವರ ತಲೆಗೆ ತುಂಬಿದವರು ಯಾರು? ಸಾಹೇಬರು ಮೊನ್ನೆ ಮೊನ್ನೆ ಬಂದವರು. ಅವರಿಗಿಂತ ಹಳೆಯ ಸಾಹೇಬನೊಬ್ಬ ಇವರೆಲ್ಲರ ಹೆಗಲ ಮೇಲೆ ಮೊದಲಿನಿಂದಲೂ ಕೂತಿದ್ದ.

ಅವಳು ಹೋಗಿ ಮೂಲೆಯಲ್ಲಿದ್ದ ಮುರುಕು ಸ್ಟೂಲೊಂದನ್ನು ಎಳೆದು ತಂದು ದೊಡ್ಡಮ್ಮ ಮತ್ತು ಪಟಾಕಿಯ ನಡುವೆ ತೂರಿಸಿಕೊಂಡು ಕೂತಳು. ಸ್ಟಾಪ್‌ವಾಚ್ ತೊಡೆಯ ಮೇಲಿಟ್ಟುಕೊಂಡಳು. ಒಂದು ಕಬ್ಬಿಣದ ಬಳೆ ಎಳೆದುಕೊಂಡು ತಂತಿಯ ಸುರುಳಿ ಕೂರಿಸಲು ಶುರು ಮಾಡಿದಳು. ಚಿಕ್ಕವಳಿದ್ದಾಗ ದೊಡ್ಡಮ್ಮನ ಜೊತೆ ಮನೆಯ ಬಾಗಿಲಲ್ಲಿ ಕೂತು ದಾರದುಂಡೆ ಸುತ್ತಿದ ಕೈಯ ಆಟ ಇಲ್ಲಿ ಏನೂ ನಡೆಯಲಿಲ್ಲ. ಸುರುಳಿ ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದಿತು. ಹೆಬ್ಬೆರಳಿನ ಚರ್ಮ ಸುಲಿಯಿತು.

“ಅಯ್ಯೋ, ಇದೇನೇ ಹಕ್ಕಿಗೂಡು!” ಪಟಾಕಿ ಬಿದ್ದು ಬಿದ್ದು ನಕ್ಕಳು. “ಇಂಜಿನಿಯರಮ್ಮ ಮಾಡಿದ ಮೋಟಾರು! ಇದನ್ನ ಹಾಕಿದ್ರೆ ನೀರು ಮೇಲಕ್ಕೆ ಬರಲ್ಲ, ಮನೇವರೇ ಬಾವಿಯೊಳಕ್ಕೆ ಇಳೀಬೇಕಾಗುತ್ತೆ!”

ನಗು ಮೇಜಿನುದ್ದಕ್ಕೂ ಹರಡಿತು. ಯಾರೋ ಮಗಳ ಗಂಡನ ಸುದ್ದಿ ತೆಗೆದರು. ಇನ್ನೊಬ್ಬಳು ಹೂಂಗುಟ್ಟುತ್ತ ಬೆನ್ನು ಸಡಿಲ ಬಿಟ್ಟಳು. ಮಾತಿನ ಭರದಲ್ಲಿ ಪಟಾಕಿ ಎದ್ದು, ನೀರಿನ ನಲ್ಲಿಯತ್ತ ನಡೆಯುತ್ತ, ಅಲ್ಲಿಂದಲೇ ಕೂಗಿ ಕಥೆ ಮುಂದುವರಿಸಿದಳು. ಗುಬ್ಬಿ ತೊಡೆಯ ಮೇಲಿನ ಗುಂಡಿ ಒತ್ತಿದಳು. ಒಬ್ಬಳು ಕಣ್ಣು ಮುಚ್ಚಿ ಕತ್ತು ತಿರುಗಿಸಿದಳು, ಗುಂಡಿ. ಒಬ್ಬಳ ತಂತಿ ತುಂಡಾಯಿತು, ಹೊಸ ಉಂಡೆ ತರಲು ಎದ್ದಳು, ಗುಂಡಿ. ತಾನು ಎಷ್ಟೋ ದಿನ ಎದುರಿಗೆ ನಿಂತು ನೋಡಿಯೂ ನೋಡದಿದ್ದ ಕಾರ್ಖಾನೆ ಈಗ ಅವಳ ಎರಡೂ ಪಕ್ಕದಲ್ಲಿ ಉಸಿರಾಡತೊಡಗಿತು.

ದೊಡ್ಡಮ್ಮ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಮಧ್ಯಾಹ್ನ ದಾಟಿದರೂ ಅವಳ ಕೈ ನಿಲ್ಲಲಿಲ್ಲ. ತುಟಿ ಬಿಗಿದಿತ್ತು, ಬೆರಳ ಗಂಟುಗಳು ಬಿಳಿಚಿಕೊಂಡಿದ್ದವು.

“ದೊಡ್ಡಮ್ಮ,” ಎಂದಳು ಗುಬ್ಬಿ, ಅವಳಿಗೆ ಮಾತ್ರ ಕೇಳಿಸುವಂತೆ. “ನನ್ನ ಮುಂದೆ ನಿಲ್ಲಿಸು. ಒಂದ್ಸಲ. ನಾನು ನೋಡಿದ್ರೆ ನೀನು ಚಿಕ್ಕವಳಾಗಿಬಿಡಲ್ಲ.”

ದೊಡ್ಡಮ್ಮ ಅವಳನ್ನು ನೋಡಲಿಲ್ಲ. ಇನ್ನೊಂದು ಸುರುಳಿ ಕೂರಿಸಿದಳು. ಇನ್ನೊಂದಕ್ಕೆ ಕೈ ಹಾಕಿದವಳು, ಅದನ್ನು ನಿಧಾನವಾಗಿ ಮೇಜಿನ ಮೇಲೆ ಬಿಟ್ಟಳು. ಬಲಗೈಯನ್ನು ಮಡಿಲಿಗೆ ಎಳೆದುಕೊಂಡು, ಸಾಕಿದ ಮಗಳ ಎದುರಿಗೆ, ಬೆಳಕಿನಲ್ಲಿ, ಒಂದೊಂದೇ ಬೆರಳನ್ನು ಎಡಗೈಯಿಂದ ಬಿಡಿಸತೊಡಗಿದಳು. ಮೇಜಿನ ಮೂಲೆಯ ಆಚೆ ಬದಿ ಕೂತಿದ್ದ ಪಕ್ಕದ ಹೆಂಗಸು ತಲೆಯೆತ್ತದೆ ಕೈ ಚಾಚಿ ದೊಡ್ಡಮ್ಮನ ಮುಂದಿದ್ದ ಬಳೆಯನ್ನು ತನ್ನೆಡೆಗೆ ಎಳೆದುಕೊಂಡಳು. ಮಗಳ ಗಂಡನ ಸುದ್ದಿ ನಿಂತಿತ್ತು.

ಗುಬ್ಬಿ ಗುಂಡಿ ಒತ್ತಿದಳು. ಕಣ್ಣು ಮಂಜಾಗಿ ಸ್ಟಾಪ್‌ವಾಚಿನ ಅಂಕಿ ಕಾಣಲಿಲ್ಲ, ಒರೆಸಿಕೊಂಡು ನೋಡಿದಳು.

ಆ ಸ್ಟೂಲಿನ ಮೇಲೆ ಕೂತದ್ದಕ್ಕೆ ಅವಳಿಗೆ ಇನ್ನೊಂದೂ ಕಂಡಿತು. ಹೆಂಗಸರು ಮುಗಿಸಿಟ್ಟ ಮೋಟಾರುಗಳು ವಾರ್ನಿಷ್ ಹಚ್ಚಿಸಿಕೊಂಡು ಓವನ್ನಿನ ಬಾಗಿಲಲ್ಲಿ ಸಾಲುಗಟ್ಟಿ ಕಾಯುತ್ತಿದ್ದವು. ಓವನ್ ಖಾಲಿಯಿತ್ತು, ಆದರೆ ಹಾಕುತ್ತಿರಲಿಲ್ಲ. ಕೇಳಿದರೆ ಓವನ್ನಿನವನು ಭುಜ ಕುಣಿಸಿದ. “ತುಂಬೋವರೆಗೂ ಹಚ್ಚಬಾರ್ದು ಅಂತ ಸಾಹೇಬರ ಹುಕುಂ. ಇಷ್ಟು ದೊಡ್ಡ ಓವನ್ ಅವರೇ ಹಟ ಹಿಡಿದು ತರಿಸಿದ್ದು. ಅರ್ಧ ಹಾಕಿ ಹಚ್ಚಿದ್ರೆ ಅದಕ್ಕೆ ಅವಮಾನ ಆಗುತ್ತಂತೆ.” ಬೆಳಿಗ್ಗೆ ಮುಗಿದ ಮೋಟಾರು ಒಳಗೆ ಹೋಗುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಪಂಪು ತಡವಾದದ್ದು ಸ್ಟೂಲಿನ ಮೇಲೆ ಕೂತವರಿಂದಲ್ಲ, ಈ ಘನವಾದ ಓವನ್ನಿನಿಂದ.

ರಜೆಯ ದಿನವೂ ಕೂತು ಗುಬ್ಬಿ ಮಾಡೆಲ್ಲನ್ನು ಬಿಚ್ಚಿ ಮತ್ತೆ ಕಟ್ಟಿದಳು. ಹೆಬ್ಬೆರಳಿನಷ್ಟು ಎತ್ತರದ ಹೆಂಗಸರಿಗೆ ಒಬ್ಬೊಬ್ಬರಾಗಿ ಬಾಯಾರಿಕೆ ಕೊಟ್ಟಳು, ಬೆನ್ನು ಕೊಟ್ಟಳು, ತುಂಡಾಗುವ ತಂತಿ ಕೊಟ್ಟಳು. ಮೇಜಿನ ಕೊನೆಯವಳಿಗೆ ಹಿಡಿದುಕೊಳ್ಳುವ ಕೈ ಕೊಟ್ಟಳು. ಪಕ್ಕದವಳಿಗೆ ಅದನ್ನು ಕಂಡು ಕೈ ಚಾಚುವ ಬುದ್ಧಿ ಕೊಟ್ಟಳು. ಎಲ್ಲ ಮುಗಿಸಿ, ಹನ್ನೊಂದು ಜನರನ್ನೂ ಕೂರಿಸಿ ನಡೆಸಿದಾಗ, ದಿನವೂ ಗೇಟಿನಿಂದ ನಿಜವಾಗಿ ಎಷ್ಟು ಪಂಪು ಹೊರಹೋಗುತ್ತಿದ್ದವೋ ಹೆಚ್ಚುಕಡಿಮೆ ಅಷ್ಟೇ ಕಂಪ್ಯೂಟರಿನಲ್ಲೂ ಹೊರಬಂದವು. ಹಳೆಯ ಮಾಡೆಲ್ಲನ್ನು ಹೀಗೆ ಒರೆಗೆ ಹಚ್ಚಿ ನೋಡದೆ ಹೋದೆನಲ್ಲ ಎಂದು ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸಿತು ಅವಳಿಗೆ.

*

ಸೋಮವಾರ ಯಜಮಾನಮ್ಮ ಬಂದರು. ನರೆತ ಕೂದಲು, ಧೂಳು ಹತ್ತಿದ ಶೂ. ಕುರ್ಚಿ ತಂದು ಹಾಕಿದರೆ ಕೂರಲಿಲ್ಲ. ಕಿಟಕಿಗಳಿಗೆ ಪರದೆ ಎಳೆದರು. ಹೆಂಗಸರು ತಮ್ಮ ತಮ್ಮ ಜಾಗದಲ್ಲೇ ಕತ್ತಲಲ್ಲಿ ಕೂತರು.

ಸಾಹೇಬರು ಸನ್ನೆ ಮಾಡಿದರು. ಗುಬ್ಬಿ ಬಟನ್ ಒತ್ತಿದಳು. ಎಂಟು ಬೊಂಬೆಗಳು ಸುತ್ತಿದವು, ಸುತ್ತಿದವು, ಪಂಪುಗಳು ಸಾಲಾಗಿ ಹೊರಬಂದವು. ಯಜಮಾನಮ್ಮ ಹೂಂ ಎನ್ನುವ ಹಾಗೆ ಗದ್ದ ಎತ್ತಿದರು.

“ಅಮ್ಮಾವರೇ, ಒಂದೇ ಒಂದು ಮಾತು,” ಎಂದಳು ಗುಬ್ಬಿ. ದನಿ ಒಡೆಯಿತು, ಕೆಮ್ಮಿ ಸರಿಮಾಡಿಕೊಂಡಳು. “ಇದೇ ಓಟದಲ್ಲಿ ಹನ್ನೊಂದು ಜನರನ್ನೂ ಕೂರಿಸಿದ್ರೆ ಎಷ್ಟು ಬರುತ್ತೆ ನೋಡಿ.” ಒತ್ತಿಬಿಟ್ಟಳು. ಸಂಖ್ಯೆ ಮೂಡಿತು. “ನಮ್ಮ ಗೇಟಿನಿಂದ ಯಾವತ್ತಾದ್ರೂ ಇಷ್ಟು ಪಂಪು ಹೊರಗೆ ಹೋಗಿದ್ಯಾ?”

ಯಜಮಾನಮ್ಮ ಹುಬ್ಬು ಗಂಟಿಕ್ಕಿದರು. “ಇದರ ಅರ್ಧ ದಾಟಿದ್ರೆ ನಾನು ಹಬ್ಬ ಮಾಡ್ತೀನಿ.”

“ಇವತ್ತಿನ ದಿನವನ್ನೇ ಸರಿಯಾಗಿ ಹೇಳೋಕೆ ಬರದೆ ಇರೋದು ನಾಳೇದನ್ನ ಹೇಗೆ ಹೇಳುತ್ತೆ? ಅಳೆದವಳು ನಾನು. ತಪ್ಪು ನನ್ನದು. ಸರಿಯಾದದ್ದು ಇಲ್ಲಿದೆ.”

“ಮೇಡಂ, ಅದು ಸುಮ್ಮನೆ ಹುಡುಗಾಟ, ಭಾವನೆಗಳನ್ನೆಲ್ಲ ಸೇರಿಸಿ…” ಸಾಹೇಬರು ಮುಂದೆ ಬಂದರು.

“ನೀರು ಭಾವನೆ ಅಲ್ಲ ಸಾರ್!” ಗುಬ್ಬಿಯ ದನಿ ಈಗ ಒಡೆಯಲಿಲ್ಲ. “ಕೈ ನೋವು ಭಾವನೆ ಅಲ್ಲ. ಅದನ್ನ ಬಿಟ್ಟು ಲೆಕ್ಕ ಮಾಡಿದ್ರಲ್ಲ, ಅದು ಹುಡುಗಾಟ. ಇವರು ನನ್ನ ಮೇಲಿನ ಪ್ರೀತಿಗೆ ಒಂದು ದಿನ ಮೈ ಮುರ್ಕೊಂಡ್ರು. ಅದನ್ನೇ ಹಿಡ್ಕೊಂಡು ನೀವು ಇವರನ್ನ ಕಳ್ಳರು ಅಂದ್ರಿ.”

ಕತ್ತಲಲ್ಲಿ ಸ್ಟೂಲುಗಳು ಕಿರುಗುಟ್ಟಿದವು. ಕಳ್ಳರು ಎಂಬ ಮಾತು ಹೆಂಗಸರಿಗೆ ಈಗಲೇ ತಲುಪಿದ್ದು.

“ನಡೆಸು,” ಎಂದರು ಯಜಮಾನಮ್ಮ.

ಮೊದಲು ಇವತ್ತಿನ ದಿನ. ಹನ್ನೊಂದು ಬೊಂಬೆಗಳು ಕೂತವು. ಸ್ವಲ್ಪ ಹೊತ್ತಿಗೆ ಒಂದು ಬೊಂಬೆ ಎದ್ದು ನಲ್ಲಿಯತ್ತ ನಡೆಯಿತು.

“ನಾನು ಎದ್ದೆ ನೋಡ್ರೇ!” ಪಟಾಕಿ ಕಿರುಚಿದಳು. “ನನ್ನ ನಡಿಗೆ ಅಷ್ಟು ವಕ್ರಾನಾ?”

ಗೋಡೆಯ ಮೇಲೆ ಮೇಜಿನ ಕೊನೆಯವಳ ಕೈ ನಿಂತಿತು. ಪಕ್ಕದವಳು ಚಾಚಿ ಎಳೆದುಕೊಂಡಳು. ರ್‍ಯಾಕಿನಿಂದ ಒಂದು ಮೋಟಾರು ಮುಂದೆ ಹೋಯಿತು, ಕೆಲಸ ನಿಲ್ಲಲಿಲ್ಲ. ಯಾರೂ ನಗಲಿಲ್ಲ. ಪಾಳಿ ಮುಗಿದಾಗ ಕೆಳಗೆ ಮೂಡಿದ ಸಂಖ್ಯೆ ನೋಡಿ ಯಜಮಾನಮ್ಮ, “ಇದು ನಮ್ಮದೇ,” ಎಂದರು.

ಆಮೇಲೆ ಗುಬ್ಬಿ ಸಾಹೇಬರು ಹೇಳಿದ ಹಾಗೆಯೇ ಮೂವರನ್ನು ತೆಗೆದಳು, ರ್‍ಯಾಕ್ ತೆಗೆದಳು. ಒಬ್ಬಳು ನೀರಿಗೆ ಎದ್ದಳು, ಮುಂದಿನವಳು ಖಾಲಿ ಕೈಯಲ್ಲಿ ಕೂತಳು. ಅವಳ ಮುಂದಿನವಳೂ ಕೂತಳು. ಒಂದು ತಂತಿ ತುಂಡಾಗಿದ್ದಕ್ಕೆ ಇಡೀ ಸಾಲು ಕಂಬಗಳ ಹಾಗೆ ನಿಂತುಬಿಟ್ಟಿತು. ಕೈ ಚಾಚಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಪಂಪುಗಳು ಬರುವುದು ಹೋಗಲಿ, ಓವನ್ನಿನ ಬಾಗಿಲಿಗೇ ಏನೂ ತಲುಪುತ್ತಿರಲಿಲ್ಲ.

ಸಾಹೇಬರು ಮೌಸಿಗೆ ಕೈ ಹಾಕಿದರು. “ಗೊತ್ತಾಯ್ತಲ್ಲ ಮೇಡಂ, ಇಷ್ಟು ಸಾಕು.”

“ಪಾಳಿ ಮುಗೀಲಿ ಸಾರ್,” ಗುಬ್ಬಿ ಮೌಸನ್ನು ತನ್ನೆಡೆಗೆ ಎಳೆದುಕೊಂಡಳು. “ಅವರು ಕೊನೇವರೆಗೆ ಕೂರಲ್ವಾ? ನಾವೂ ನಿಲ್ಲೋಣ.”

ಪಾಳಿ ಕೊನೆಯವರೆಗೆ ನಡೆಯಿತು. ಸಂಖ್ಯೆ ಇವತ್ತಿನದಕ್ಕಿಂತ ಎಷ್ಟೋ ಕೆಳಗಿತ್ತು.

“ಇನ್ನೊಂದಿದೆ,” ಎಂದು ಗುಬ್ಬಿ ಮೂರನೆಯದನ್ನು ಹಚ್ಚಿದಳು. ಹನ್ನೊಂದು ಜನರೂ ಇದ್ದರು, ರ್‍ಯಾಕೂ ಇತ್ತು. ಬದಲಾದದ್ದು ಒಂದೇ: ಓವನ್ ತುಂಬುವವರೆಗೆ ಕಾಯದೆ, ಬಂದಷ್ಟನ್ನು ಹಾಕಿ ಹಚ್ಚುತ್ತ ಹೋಯಿತು. ಹೆಂಗಸರು ಮೊದಲಿನಂತೆಯೇ ಎದ್ದರು, ಕೂತರು, ನೀರು ಕುಡಿದರು. ಪಂಪುಗಳು ಮಧ್ಯಾಹ್ನಕ್ಕೆ ಕಾಯದೆ ಬೆಳಿಗ್ಗೆಯಿಂದಲೇ ಹೊರಬೀಳತೊಡಗಿದವು. ಗೋಡೆಯ ಮೇಲೆ ಸಂಜೆಯಾಗುವವರೆಗೂ ಯಾರೂ ಕದಲಲಿಲ್ಲ.

“ಓವನ್ ತುಂಬಲಿ ಅಂತ ನಿಯಮ ಮಾಡಿದ್ದು ಯಾರು?” ಯಜಮಾನಮ್ಮ ಕೇಳಿದರು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಕತ್ತಲಲ್ಲಿ ಅದರಿಂದ ಏನೂ ಉಪಯೋಗವಿರಲಿಲ್ಲ.

“ನಾಳೆಯಿಂದ ಬಂದಷ್ಟು ಹಾಕಿ,” ಎಂದರು ಯಜಮಾನಮ್ಮ. “ಇಲ್ಲಿ ಯಾರನ್ನೂ ಎಬ್ಬಿಸಬೇಡಿ. ರ್‍ಯಾಕ್ ಮುಟ್ಟಬೇಡಿ.” ಆಮೇಲೆ ಗುಬ್ಬಿಯತ್ತ ತಿರುಗಿ, “ಇವರು ನೀರು ಕುಡಿದ್ರೆಷ್ಟು ಬಿಟ್ರೆಷ್ಟು, ನನಗೆ ಪಂಪು ಹೊತ್ತಿಗೆ ಸರಿಯಾಗಿ ಹೋಗಬೇಕು. ತಿಳೀತಾ?” ಎಂದು, ಉತ್ತರಕ್ಕೆ ಕಾಯದೆ ಹೊರಟರು. ಸಾಹೇಬರು ಹಿಂದೆ ಹೋದರು.

ಗುಬ್ಬಿ ಕುದಿಯುತ್ತಲೇ ನಿಂತಿದ್ದಳು. ಗೆದ್ದದ್ದು ಪಂಪುಗಳು. ಬಾಯಾರಿಕೆಗೆ ಅವುಗಳ ಬೆನ್ನ ಮೇಲೆ ಕೂತು ಬರಬೇಕಾಯಿತು, ತನ್ನ ಕಾಲ ಮೇಲೆ ಬರಲಾಗಲಿಲ್ಲ. ಆ ಜಗಳ ಇನ್ನೊಂದು ದಿನದ್ದು.

“ಆಯ್ತಾ ನಿನ್ನದು, ಪೂರ್ತಿ?” ಮೇಜಿನ ಕೊನೆಯಿಂದ ದೊಡ್ಡಮ್ಮ ಕೇಳಿದಳು.

“ಆಯ್ತು.”

“ಹಾಗಾದ್ರೆ ಆ ಪರದೆ ಸರಿಸು. ತಂತಿ ಕಾಣ್ತಿಲ್ಲ.”

ಗುಬ್ಬಿ ಹೋಗಿ ಒಂದೊಂದೇ ಕಿಟಕಿಯ ಪರದೆ ಸರಿಸಿದಳು.